ಸುತ್ತಿದ ಚಾಪೆಯ ದಿಕ್ಕು

೧೯೮೬ರ ಸುಮಾರಿಗೆ ಗಂಗಾವತಿಯ ವಿಜ್ಞಾನದ ಮಾಸ್ತರ ಹೊನ್ನೂರಪ್ಪನವರ ಮನೆಗೆ ಹೋದ ಅತಿಥಿಗಳು ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ಜಗತ್ತೆಲ್ಲ ಕಂಪಿಸುವ ಸೂಕ್ಷ್ಮ ತಂತಿಗಳಿಂದಾಗಿದೆ, ಅವು ಆಡಲು ನಮಗೆ ಕಾಣದ ದಿಕ್ಕುಗಳೂ ಬೇಕು ಎಂಬ ಹೊಸ ಸಿದ್ಧಾಂತವನ್ನು ಓದಿದಂದಿನಿಂದ, ಹೆಂಡತಿ ಹಾಸಿದ ಚಾಪೆಯನ್ನು ಅವರು ಕೂಡಲೇ ಸುತ್ತಿ ಎತ್ತಿ ಹಿಡಿಯುತ್ತಿದ್ದರು. "ದೂರದಿಂದ ನೋಡಿದ್ರ ಬರೇ ಗೆರಿ. ಮ್ಯಾಲೆ ಹರಿದಾಡೋ ಇರುವೆಗೆ ಗೊತ್ತು, ಸುತ್ತ ತಿರಗಾಕ ಇನ್ನೊಂದು ದಿಕ್ಕು ಐತಿ ಅಂತ!" "ನಿಮ್ಮ ದಿಕ್ಕಿಗಿಷ್ಟು ಬೆಂಕಿ ಹಾಕ್ರಿ, ಬಂದವರನ್ನ ಮೊದಲ ಕುಂದರಸ್ರಿ," ಎಂದು ಹೆಂಡತಿ ಯಮನೂರಮ್ಮ ಒಳಗಿನಿಂದ ಗದರುವರು. ಆದರೆ ನೆನಪು ಅಳಿದ ಮಾಸ್ತರರ ಮುದಿತಾಯಿ, ಸಂಜೆ ಶಾಲೆಯಿಂದ ಬಂದ ಮಗನನ್ನೇ ಅತಿಥಿಯೆಂದು ಬಗೆದು, "ಬರ್ರಿ, ಕುಂದರ್ರಿ, ಯಾವೂರ್ರಿ?" ಎಂದು ಹಾಸುವ ಚಾಪೆಯನ್ನು ಮಾತ್ರ ಮಾಸ್ತರರು ಎಂದೂ ಸುತ್ತಲಿಲ್ಲ. ಅದರ ಅಂಚಿನಲ್ಲಿ ಅತಿಥಿಯಂತೆಯೇ ಕೂತು, "ಇದ ಊರು, ಯವ್ವಾ," ಎನ್ನುತ್ತಿದ್ದರು.