ಟವೆಲ್ ಗಣಪನ ವಿಸರ್ಜನೆ

ನನ್ನ ತಮಾಷೆಗಳಿಗೆ ಒಂದು ದೋಷವಿದೆ. ಶುರುವಾಗುವಾಗ ಅವು ನನ್ನವಾಗಿರುತ್ತವೆ, ಮುಗಿಯುವ ಹೊತ್ತಿಗೆ ಹೆಂಡತಿಯ ವಶದಲ್ಲಿರುತ್ತವೆ. ಗ್ರೀಸಿನ ದ್ವೀಪಗಳನ್ನು ಒಂದು ವಾರ ಹಡಗಿನಲ್ಲಿ ಸುತ್ತಿದ ಮೇಲೆ, ಕೊನೆಯ ದಿನ ಬೆಳಿಗ್ಗೆ, ಎಂಟೂವರೆಯೊಳಗೆ ಕೋಣೆ ಖಾಲಿ ಮಾಡಬೇಕಾದ ಗಡಿಬಿಡಿಯಲ್ಲಿ ನಾನೊಂದು ಟವೆಲ್ಲಿನ ಮುಂದೆ ಕೈಮುಗಿದು ನಿಂತಿದ್ದೆ. ಅದಕ್ಕೂ ಅಂಥದೇ ಒಂದು ತಮಾಷೆ ಕಾರಣ.

ಇಂಥ ಹಡಗುಗಳಲ್ಲಿ ಕೋಣೆ ಓರಣ ಮಾಡುವವರು ದಿನವೂ ಟವೆಲ್ ಮಡಿಸಿ ಒಂದೊಂದು ಪ್ರಾಣಿ ಮಾಡಿ ಮಂಚದ ಮೇಲೆ ಕೂರಿಸಿ ಹೋಗುತ್ತಾರೆ. ಮೊದಲ ದಿನ ನಮಗೆ ಸಿಕ್ಕಿದ್ದು ಆನೆ. ದುಂಡು ಹೊಟ್ಟೆ, ಅಗಲ ಕಿವಿ, ಎಡಕ್ಕೆ ತಿರುಗಿದ ಸೊಂಡಿಲು. ಇಷ್ಟೆಲ್ಲ ಇದ್ದ ಮೇಲೆ ನನ್ನ ಕೈ ಸುಮ್ಮನಿದ್ದೀತೇ? ನನ್ನ ಹೆಂಡತಿ ವೀಣಾಳ ಭರಣಿಯಿಂದ ಒಂದು ಚಿಟಿಕೆ ಕುಂಕುಮ ತೆಗೆದು ಅದರ ಹಣೆಗಿಟ್ಟೆ. ಫೋಟೋ ಹೊಡೆದು ಅಮೆರಿಕದ ನಮ್ಮೂರು ಏಪೆಕ್ಸಿನ ಗೆಳೆಯರಿಗೆಲ್ಲ ಕಳಿಸಿ ಬೀಗಿದೆ. ಆಮೇಲೆ ಮೈ ಒರೆಸಿಕೊಳ್ಳಲೆಂದು ಟವೆಲ್ಲಿಗೆ ಕೈ ಹಾಕಿದರೆ ವೀಣಾ ತಡೆದಳು.

“ರೀ, ಕುಂಕುಮ ಇಟ್ಟಾದ್ಮೇಲೆ ಅದು ಟವೆಲ್ ಅಲ್ಲ.”

ಗಣಪತಿ ಕನ್ನಡಿಯ ಪಕ್ಕದ ಮೇಜಿಗೆ ಬಂದು ಕೂತ. ದಿನವೂ ಬಫೆಯಿಂದ ಅವನಿಗೊಂದು ಬಾಳೆಹಣ್ಣು ಬರತೊಡಗಿತು. ಸ್ಯಾಂಟೊರಿನಿಯಲ್ಲಿ ಮೋದಕದ ಬದಲು ಬಕ್ಲಾವಾ. ಮರುದಿನ ಹ್ಯಾಂಗರಿಗೆ ಒಂದು ಟವೆಲ್ ಕೋತಿ ಜೋತುಬಿದ್ದಿತ್ತು, ಅದರ ಮರುದಿನ ಹಂಸ. ನಮ್ಮ ದೇವರುಗಳು ಬಿಟ್ಟ ಪ್ರಾಣಿಯಾದರೂ ಯಾವುದು ಹೇಳಿ? ನಾನು ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡೇ ಕೋಣೆಯೊಳಗೆ ಓಡಾಡಿದೆ.

ಪ್ರವಾಸಕ್ಕೆ ಹೊರಟದ್ದು ಮಗಳು ಅನಘಾಳಿಗಾಗಿ. ಇನ್ನು ಹದಿನೈದು ದಿನಕ್ಕೆ ಅವಳು ಮನೆ ಬಿಟ್ಟು ಅಟ್ಲಾಂಟಾದ ಕಾಲೇಜಿನ ಡಾರ್ಮ್ ಸೇರಬೇಕಿತ್ತು. ವೀಣಾ ಆ ವಿಷಯ ಎತ್ತುತ್ತಲೇ ಇರಲಿಲ್ಲ. ದ್ವೀಪ ದ್ವೀಪದಲ್ಲೂ ಮಗಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದಳು, ಅಷ್ಟೆ.

ಗ್ರೀಕರ ದೇವರುಗಳನ್ನೂ ನೋಡಿದೆವು. ಅವರ ದೇವರಾಜನೂ ಒಂದು ಕಾಲಕ್ಕೆ ಹೋರಿಯಾಗಿ, ಹಂಸವಾಗಿ ವೇಷ ಹಾಕಿ ಅಲೆದವನೇ. ಈಗ ಒಬ್ಬರಿಗೆ ಮೂಗಿಲ್ಲ, ಇನ್ನೊಬ್ಬರಿಗೆ ತೋಳಿಲ್ಲ, ಎಲ್ಲರೂ ಮ್ಯೂಸಿಯಮ್ಮಿನ ಏಸಿಯಲ್ಲಿ ತಣ್ಣಗೆ ನಿಂತಿದ್ದಾರೆ. “ಪಾಪ, ಇವರನ್ನ ಯಾರೂ ಸರಿಯಾಗಿ ಕಳಿಸಿಕೊಡಲೇ ಇಲ್ವಾ?” ಎಂದಳು ವೀಣಾ. ನಾನು ಯಾವ ಶತಮಾನದಲ್ಲಿ ಏನಾಯಿತೆಂದು ವಿವರಿಸಲು ಹೊರಟೆ. ಅವಳು ಅಷ್ಟರಲ್ಲಿ ಮುಂದಿನ ದೇವರ ಬಳಿ ಹೋಗಿದ್ದಳು.

ಹೀಗೆ ಕೊನೆಯ ಬೆಳಿಗ್ಗೆ ಬಂತು. ಹಡಗು ಅಥೆನ್ಸಿನ ಬಂದರಿನಲ್ಲಿ ನಿಂತಿತ್ತು, ಪೆಟ್ಟಿಗೆಗಳು ಆಗಲೇ ಕೆಳಗಿಳಿದಿದ್ದವು. ವೀಣಾ ಮಾತ್ರ ಮಂಚ ಬಿಟ್ಟು ಏಳಲಿಲ್ಲ. ವಿಸರ್ಜನೆ ಆಗದೆ ಹೊರಡುವುದಿಲ್ಲವಂತೆ. ಸಮುದ್ರಕ್ಕೆ ಏನನ್ನೂ ಎಸೆಯಬಾರದೆಂದು ಗೋಡೆಯ ಮೇಲೆ ಬರೆದಿತ್ತು. ಬಾತ್‌ರೂಮಿನ ಸಿಂಕ್ ಆಗಬಹುದೇ ಎಂದು ಕೇಳಿದೆ. ಅವಳು ನೋಡಿದ ನೋಟಕ್ಕೆ ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡೆ.

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ವಯಾನ್ ಬಾಲಿ ದ್ವೀಪದವನು, ನನ್ನದೇ ವಯಸ್ಸು. ನಾವು ಹೋದ ಮೇಲೆ ನೀವೇ ಬಿಚ್ಚಿಬಿಡಿ ಎಂದು ಅವನನ್ನು ಗುಟ್ಟಾಗಿ ಕೇಳಿಕೊಂಡೆ. ಆತ ಕುಂಕುಮ ನೋಡಿ ಕೈಮುಗಿದ. ತಮ್ಮ ಊರಲ್ಲೂ ಗಣೇಶನಿದ್ದಾನೆ ಎಂದ. “ಸಾರಿ ಸರ್. ಯು ಇನ್ವೈಟ್, ಯು ಸೆಂಡ್.”

ಕರೆದವನು ನಾನೇ, ಕಳಿಸಬೇಕಾದವನೂ ನಾನೇ. ಮಂತ್ರ ಬಾರದು. ವಿಸರ್ಜನೆಯ ಶಾಸ್ತ್ರಕ್ಕೆಂದು ಫೋನಿನಲ್ಲಿ ದಿಕ್ಕು ನೋಡಿ ಗಣಪತಿಯನ್ನು ಒಂದಿಷ್ಟು ಉತ್ತರಕ್ಕೆ ಸರಿಸಿದೆ. ಸೊಂಡಿಲು ಹಿಡಿದೆ. ಎಳೆಯಲು ಕೈ ಬರಲಿಲ್ಲ. ಇಷ್ಟು ದಿನ ಹೆಂಡತಿಯನ್ನು ಗೇಲಿ ಮಾಡಿದ ನನಗೆ ಆಗ ಹೊಳೆಯಿತು, ಈ ಗಂಟು ಬಿಚ್ಚಿದರೆ ಪ್ರವಾಸ ಮುಗಿಯುತ್ತದೆ, ಆಮೇಲೆ ಉಳಿಯುವುದು ಅಟ್ಲಾಂಟಾ ಒಂದೇ. ನನಗೂ ಮಗಳನ್ನು ಕಳಿಸುವ ಮನಸ್ಸಿರಲಿಲ್ಲ.

“ಅಪ್ಪಾ, ಇಟ್ಸ್ ಏಟ್ ಟ್ವೆಂಟಿ,” ಎಂದು ಅನಘಾ ನನ್ನನ್ನು ಪಕ್ಕಕ್ಕೆ ಸರಿಸಿದಳು. “ಹೋಗಿ ಬಾ ಗಣೇಶಾ, ಓಕೆ?” ಎಂದು ತನ್ನ ಅಮೆರಿಕನ್ ಕನ್ನಡದಲ್ಲಿ ಹೇಳಿ ಒಂದೇ ಸಲ ಎಳೆದಳು. ಆನೆ ಹೋಯಿತು. ಮೇಜಿನ ಮೇಲೆ ಕೆಂಪು ಕಲೆಯ ಒಂದು ಟವೆಲ್ ಉಳಿಯಿತು.

ವೀಣಾ ಬಿಕ್ಕಿದಳು. ನಾನು ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡೆ. ಅದು ಯಾವ ಬಟ್ಟೆಯೆಂದು ಪಾಸ್‌ಪೋರ್ಟ್ ಅಧಿಕಾರಿ ನನ್ನ ಮುಖವನ್ನು ದಿಟ್ಟಿಸಿದಾಗಲೇ ಗೊತ್ತಾದದ್ದು.

“ಅಮ್ಮಾ, ಡೋಂಟ್ ಕ್ರೈ. ಟವೆಲ್ ಲಾಂಡ್ರಿಗೆ ಹೋಗಿ ಬರತ್ತೆ. ನಾನೂ ಲಾಂಡ್ರಿ ತಗೊಂಡು ಮನೆಗೆ ಬರ್ತೀನಿ. ಎವ್ರಿ ಮಂತ್.”

“ಎರಡು ವಾರಕ್ಕೊಂದ್ಸಲ ಬಾ,” ಎಂದಳು ವೀಣಾ ಮೂಗು ಒರೆಸಿಕೊಳ್ಳುತ್ತ. “ತಿಂಗಳುಗಟ್ಟಲೆ ಇಟ್ಕೊಂಡ್ರೆ ಬಟ್ಟೆ ವಾಸನೆ ಬರಲ್ವಾ?”

“ಫೈನ್.”

ವೀಣಾ ಎದ್ದು ಚಪ್ಪಲಿ ಮೆಟ್ಟಿದಳು. ಆ ಡಾರ್ಮಿನ ಪ್ರತಿ ಮಹಡಿಯಲ್ಲೂ ವಾಷಿಂಗ್ ಮಷೀನ್ ಇದೆ ಎಂದು ಕಾಲೇಜಿನವರು ಕಳಿಸಿದ ಕಾಗದದಲ್ಲಿ ನಾನು ಓದಿದ್ದೆ. ಅನಘಾಳೂ ಓದಿದ್ದಾಳೆಂದು ಅವಳು ನನ್ನತ್ತ ನೋಡಿದ ರೀತಿಯಲ್ಲೇ ತಿಳಿಯಿತು. ಇಬ್ಬರೂ ಬಾಯಿ ಬಿಡಲಿಲ್ಲ.