ಬೊಬ್ರುವಾಡದ ಕೇರಂ ಅಕ್ಕ

ಮೊನ್ನೆ ಸದಾಶಿವಗಡದ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಳ್ಳುತ್ತಿದ್ದೆ. ಬೇರೆ ಯಾರೋ ಕೇಳಿದ ಬೋರಿಕ್ ಪೌಡರಿನ ಡಬ್ಬಿ ಅಂಗಡಿಯವನ ಕೈಜಾರಿ ಬಿದ್ದು, ಮೇಜಿನ ಮೇಲೆಲ್ಲ ಬಿಳಿ ಪುಡಿ ಚೆಲ್ಲಿತು. ಒರೆಸಲು ಹೋದ ನನ್ನ ಬೆರಳು ಹಲಗೆಯ ಮೇಲೆ ಸರ್ರನೆ ಜಾರಿತು. ಕೇರಂ ಬೋರ್ಡಿನ ಅದೇ ನುಣುಪು... ಬೊಬ್ರುವಾಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು.

ಅಕ್ಕ ಗದ್ದೆ ಕೂಲಿಗೆ ಹೋಗುತ್ತಿದ್ದವಳು. ಅವಳ ಅಣ್ಣ ಗೋವೆಯಿಂದ ತಂದಿದ್ದ ಹಳೆಯ ಬೋರ್ಡಿನಲ್ಲಿ ಆಟ ಕಲಿತಿದ್ದಳು. ಭತ್ತದ ಸಸಿ ನೆಟ್ಟಿ ಮುಗಿಸಿ ಬಂದು, ಉಗುರಿನ ಸಂದಿಯ ಕೆಸರು ತೆಗೆದ ಮೇಲೆಯೇ ಸ್ಟ್ರೈಕರ್ ಮುಟ್ಟುವಳು. ಊರಿನ ಯುವಕ ಸಂಘದವರು ಮೊದಮೊದಲು ನಕ್ಕರು. ಒಬ್ಬೊಬ್ಬರಾಗಿ ಅವಳಿಗೆ ಸೋತ ಮೇಲೆ ಅವರೇ ಅಂಕೋಲೆಯ ಪಂದ್ಯಕ್ಕೆ ಅವಳ ಹೆಸರು ಬರೆಸಿದರು. ಆಮೇಲೆ ಐದಾರು ವರ್ಷ ತಾಲೂಕಿನ ಹೆಂಗಸರಲ್ಲಿ ಅವಳನ್ನು ಸೋಲಿಸಿದವರಿಲ್ಲ. ಜೋರಾಗಿ ಹೊಡೆಯುತ್ತಲೇ ಇರಲಿಲ್ಲ. ಕಾಯಿಯನ್ನು ಕೈಹಿಡಿದು ಬಾಗಿಲ ತನಕ ಬಿಟ್ಟುಬಂದ ಹಾಗೆ ಪಾಕೆಟ್ಟಿಗೆ ಕಳಿಸುತ್ತಿದ್ದಳು.

ನಾನು ಕಾಲೇಜಿಗೆ ಸೇರಿದ ವರ್ಷ, ಅವಳಿಂದಲೇ ಆಟ ಕಲಿತಿದ್ದ ನನ್ನನ್ನು ಜೋಡಿ ಆಟಕ್ಕೆ ಜೊತೆ ಮಾಡಿಕೊಂಡಳು. ಜಿಲ್ಲೆಯ ಫೈನಲ್ ಆಡಲು ಇಬ್ಬರೂ ಕಾರವಾರಕ್ಕೆ ಹೋದೆವು. ಗೆದ್ದವರಿಗೆ ರಾಜ್ಯ ತಂಡದ ಆಯ್ಕೆಗೆ ಹೋಗುವ ಅವಕಾಶ. ಕೊನೆಯ ಆಟದಲ್ಲಿ ನಮ್ಮದು ಎರಡೇ ಕಾಯಿ ಉಳಿದಿತ್ತು. ಅಕ್ಕ ಗುರಿ ನೋಡಲು ಬಗ್ಗಿದಾಗ ಅವಳ ಗಾಜಿನ ಬಳೆ ಒಂದು ಕಾಯಿಗೆ ತಾಗಿತು. ಕಾಯಿ ಕೂದಲೆಳೆಯಷ್ಟು ಸರಿದಿರಬೇಕು. ಅವಳ ಎದುರಿಗೆ ಕೂತಿದ್ದ ನಾನು ನೋಡಿದೆ. ಬೇರೆ ಯಾರೂ ನೋಡಲಿಲ್ಲ. ಅಕ್ಕ ಒಂದು ಗಳಿಗೆ ಸುಮ್ಮನಿದ್ದು, ಕೈ ಎತ್ತಿದಳು.

“ಸರ್, ನನ್ ಬಳೆ ತಾಗ್ತು.”

“ನಾನು ನೋಡಲಿಲ್ಲವಲ್ಲಮ್ಮ,” ಎಂದರು ಅಂಪೈರ್.

“ನಾ ನೋಡ್ದೆ ಅಲಾ.”

ಫೌಲ್ ಆಯಿತು. ಎದುರಿನ ಜೋಡಿ ಆ ಸರದಿಯಲ್ಲೇ ಆಟ ಮುಗಿಸಿತು.

ವಾಪಸ್ಸು ಬರುವಾಗ ಬಸ್ಸು ಅಮದಳ್ಳಿ ದಾಟಿತು. ಆಮೇಲೆ ತಡೆಯಲಾಗದೆ ಕೇಳಿದೆ, “ಎಂತಕ್ಕೆ ಹೇಳ್ದೆ ಅಕ್ಕ? ಯಾರೂ ನೋಡಿರ್ಲಿಲ್ಲ.”

“ನಿಂಗೆ ಬೇಜಾರಾಗ್ತದೆ ಅಂತೇ ಒಂದ್ ಗಳಿಗೆ ಯೋಚ್ನೆ ಮಾಡ್ದೆ ತಂಗಿ,” ಎಂದಳು. “ನನ್ನೊಬ್ಳದೇ ಆಟ ಆಗಿದ್ರೆ ಆಗ್ಲೇ ಹೇಳ್ತಿದ್ದೆ.”

ಆ ವಯಸ್ಸಿನಲ್ಲಿ ಆ ಮಾತು ನನಗೆ ಸಮಾಧಾನ ಕೊಡಲಿಲ್ಲ. ಮರುದಿನ ಅವಳು ಬೇಲಿಯ ಆಚೆಯಿಂದ ಆಟಕ್ಕೆ ಕರೆದಾಗ, ಪರೀಕ್ಷೆಗೆ ಓದಬೇಕು ಎಂದೆ. ಮುಂದಿನ ವಾರವೂ ಅದನ್ನೇ ಹೇಳಿದೆ. ಕ್ರಮೇಣ ಅವಳು ಕರೆಯುವುದನ್ನು ನಿಲ್ಲಿಸಿದಳು.

ಮರುವರ್ಷ ಒಂಟಿ ಆಟದಲ್ಲಿ ಜಿಲ್ಲೆಯ ಫೈನಲ್ ಗೆದ್ದು, ರಾಷ್ಟ್ರಮಟ್ಟದ ಪಂದ್ಯದಲ್ಲಿ ರಾಜ್ಯದ ಪರವಾಗಿಯೂ ಆಡಿಬಂದಳು. ಎರಡನೇ ಸುತ್ತಿಗೇ ಸೋತಿದ್ದಳಂತೆ. ರೈಲಿಳಿದು ಮೊದಲು ನಮ್ಮ ಮನೆಗೇ ಬಂದು, ಅಲ್ಲಿಯ ಬೋರ್ಡುಗಳು ಎಷ್ಟು ಚೆಂದ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದಳು. ಎಲ್ಲ ನನಗೆ ಕೇಳಲಿ ಎಂದೇ ದನಿ ಏರಿಸಿ ಹೇಳುತ್ತಿದ್ದಳು. ನಾನು ಒಳಗೆ ಪುಸ್ತಕ ಹಿಡಿದು ಕೂತೇ ಇದ್ದೆ...

ಮದುವೆಯಾಗಿ ನಾನು ಸದಾಶಿವಗಡಕ್ಕೆ ಬಂದೆ. ತವರಿಗೆ ಹೋದಾಗ ಸಿಕ್ಕರೆ ಮಕ್ಕಳ ಸುದ್ದಿ, ಮಳೆಯ ಸುದ್ದಿ, ಮೀನಿನ ಸುದ್ದಿ. ಕೇರಂ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೋದ ವರ್ಷ ಕಿಡ್ನಿ ಕೆಟ್ಟು ಅಕ್ಕ ತೀರಿಕೊಂಡಳು.

ಹನ್ನೊಂದನೇ ದಿನಕ್ಕೆ ಹೋಗಿದ್ದೆ. ಅವಳ ಅತ್ತಿಗೆ ನನಗೆ ಚಾ ಕೊಡುತ್ತ ಸಹಜವಾಗಿ ಅಂದರು, “ಎಷ್ಟ್ ಜನ ಕೇಳಿದ್ರೂ ಜೋಡಿ ಆಟಕ್ಕೆ ಮತ್ತೆ ಹೆಸ್ರೇ ಕೊಡ್ಲಿಲ್ಲ ಅವ್ಳು. ‘ನಂಗೆ ಜೋಡಿ ಅದೆ, ಪರೀಕ್ಷೆ ಮುಗ್ಸಿ ಬರ್ತದೆ’ ಅಂತಿದ್ಳು.”

ನಾನು ಚಾ ಕುಡಿದೆ.

ಅಂಗಡಿಯಿಂದ ಬಂದ ಸಂಜೆ, ಬೋರಿಕ್ ಪೌಡರ್ ಚೆಲ್ಲಿದ ಸುದ್ದಿ ಕೇಳಿ ಮಗಳು, “ಕೇರಂ ಆಡ್ಲಿಕ್ಕೆ ಬರ್ತದಾ ನಿಂಗೆ?” ಎಂದು ಕೇಳಿದಳು. ಬರ್ತದೆ ಎಂದೆ. ಯಾರ ಜೊತೆ ಆಡುತ್ತಿದ್ದೆ ಎಂದು ಅವಳು ಕೇಳಿದಾಗ, “ನಂಗೆ ಒಬ್ಳು ಜೋಡಿ ಇದ್ಳು,” ಎಂದು ಶುರುಮಾಡಿದೆ.