ಕೊಬ್ಬರಿ ಅಟ್ಟದ ಕಿಟಕಿ

ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಉಂಡೆ ಲೊಟಲೊಟ ಎನ್ನುತ್ತದಲ್ಲ, ಆ ಸದ್ದಿಗೆ ನನಗೆ ಅರಸೀಕೆರೆ ಪೂರ್ತಿ ಕಾಣುತ್ತದೆ. ಕಾಣುತ್ತಿತ್ತು ಎನ್ನಬೇಕೇನೋ. ಇಲ್ಲಿ ಬರೆಯುವ ಕೆಲವು ವಿವರ ತಪ್ಪಿರಬಹುದು. ಎಷ್ಟು ತಪ್ಪಿರಬಹುದೆಂದು ಹೋದ ತಿಂಗಳವರೆಗೆ ನನಗೇ ಗೊತ್ತಿರಲಿಲ್ಲ.

ನಮ್ಮದು ಊರಂಚಿನ ಹೆಂಚಿನ ಮನೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಸಿಪ್ಪೆ ಸುಲಿಯದ ಕಾಯಿಗಳನ್ನು ರಾಶಿ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಿದ್ದರು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಸದ್ದು ಮಾಡುವ ತನಕ ಯಾರೂ ಒಡೆಯುವಂತಿರಲಿಲ್ಲ. ಗಂಡನ ಮನೆಯಿಂದ ಬಂದು ನಮ್ಮಲ್ಲೇ ಉಳಿದಿದ್ದ ಅಪ್ಪನ ತಂಗಿ ಗಿರಿಜತ್ತೆ ಕೆಲವು ಮಧ್ಯಾಹ್ನ ಇದ್ದಕ್ಕಿದ್ದಂತೆ ನನ್ನನ್ನು ಏಣಿ ಹತ್ತಿಸುತ್ತಿದ್ದರು. ನನಗಾಗ ನಾಲ್ಕೋ ಐದೋ. ನಾರಿನ ಧೂಳು, ಒಲೆಯ ಹೊಗೆ, ಕೊಬ್ಬರಿಯ ಜಿಡ್ಡು ಸಿಹಿ ವಾಸನೆ. ಕಿಟಕಿಯ ಬಳಿ ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯಲ್ಲಿ ಪಿಸುಗುಡುತ್ತಿದ್ದರು: "ಅಗೋ ನೋಡೇ, ಮಾಲೇಕಲ್ಲು ಬೆಟ್ಟ. ಮೆಟ್ಲು ಎಣ್ಸು. ಈ ಕಡೆ ಕೆರೆ ಏರಿ, ಆ ಕಡೆ ರೈಲು ಹಳಿ. ತೆಂಗಿನ ಸಾಲು ಮುಗಿದ ಮೇಲೆ ಚಪ್ಪರ ಐತಲ್ಲ, ಅದೇ ದ್ರಾಕ್ಷಿ ತೋಟ. ಸದ್ದು ಮಾಡ್ಬೇಡ, ಗಿಳಿ ಹಾರೋಗ್ತವೆ."

ನಾನು ಉಸಿರು ಹಿಡಿದು ಗಿಳಿ ನೋಡುತ್ತಿದ್ದೆ. ಮುಂದೆ ಭೂಗೋಳ ಓದಿದ್ದು ಆ ಕಿಟಕಿಯಿಂದಲೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ.

ಹೋದ ತಿಂಗಳು, ಮನೆ ಕೆಡವುವ ಮುಂಚೆ, ಚಿಕ್ಕಪ್ಪನ ಮಗ ಶಿವು ಕರೆಸಿದ. ಅಟ್ಟ ಹತ್ತಿದೆ. ನಾಲ್ಕೂ ಕಡೆ ಮಣ್ಣಿನ ಗೋಡೆ. ಮೊಬೈಲ್ ಬೆಳಕಲ್ಲಿ ಅಂಗುಲ ಅಂಗುಲವಾಗಿ ಕೈಯಾಡಿಸಿದೆ. ಕಿಟಕಿ ಇಲ್ಲ, ಮುಚ್ಚಿದ ಗುರುತೂ ಇಲ್ಲ.

"ಶಿವು, ಇಲ್ಲಿದ್ದ ಕಿಟಕಿ ಯಾವಾಗ ಮುಚ್ಚಿದ್ರೋ?"

"ಕೊಬ್ಬರಿ ಅಟ್ಟಕ್ಕೆ ಯಾವ ಪುಣ್ಯಾತ್ಮ ಕಿಟಕಿ ಇಡ್ತಾನಕ್ಕ? ಇಲಿಗಳು ಗಾಳಿ ತಗೊಳ್ಲಿ ಅಂತಲಾ?" ಕೆಳಗೆ ನಿಂತು ನಕ್ಕ. ದ್ರಾಕ್ಷಿ ತೋಟದ ಮಾತೆತ್ತಿದೆ. "ನಮ್ ಕಡೆ ಎಲ್ಲಿತ್ತು? ಅದು ಗಿರಿಜತ್ತೆ ಗಂಡನ ಮನೇದು, ಚಿಕ್ಕಬಳ್ಳಾಪುರದ ಕಡೆ." ಆಮೇಲೆ ಅವನ ದನಿ ತಗ್ಗಿತು. "ಆ ಮಾವ ಎಳ್ಕೊಂಡು ಹೋಗಕ್ಕೆ ಬಂದಾಗೆಲ್ಲ ಅತ್ತೆ ಅಡಗ್ತಿದ್ದಿದ್ದು ಅಲ್ಲೇ ಅಲ್ವಾ. ಏಣೀನೂ ಮೇಲಕ್ಕೆ ಎಳ್ಕೊಂಡ್ಬಿಡ್ತಿದ್ರಂತೆ. ಅಮ್ಮ ಹೇಳೋರು. ನಿಂಗೆ ಗೊತ್ತಿಲ್ವಾ?"

ಏಣಿ ಗೋಡೆಗೆ ಉಜ್ಜುತ್ತಾ ಮೇಲೆ ಬರುತ್ತಿದ್ದ ಸದ್ದು ನನಗೆ ನೆನಪಿದೆ. ಅಥವಾ ಶಿವು ಹೇಳಿದ ಮೇಲೆ ನೆನಪಾಯಿತೆ? ನನ್ನ ಬಾಲ್ಯದ ಅತ್ಯಂತ ಸುಖದ ಮಧ್ಯಾಹ್ನಗಳವು. ನೋಡಿದ್ದು ಬರೀ ಕತ್ತಲೆ. ಬೆನ್ನಿಗೆ ತಾಗುತ್ತಿದ್ದ ಅತ್ತೆಯ ಎದೆಯ ಢವಢವವನ್ನು ದೂರದ ರೈಲು ಅಂದುಕೊಂಡಿದ್ದೆ.

ಗಿರಿಜತ್ತೆ ಈಗ ಶಿವು ಮನೆಯಲ್ಲಿದ್ದಾರೆ. ಅಟ್ಟದ ಕೊನೆಯ ರಾಶಿಯಿಂದ ತಂದ ಕಾಯೊಂದನ್ನು ಅವರ ಕೈಗಿಟ್ಟು ಕೇಳಿದೆ: "ಅತ್ತೆ, ನನ್ನನ್ಯಾಕೆ ಕರ್ಕೊಂಡು ಹತ್ತುತ್ತಿದ್ರಿ? ಕೆಳಗಿದ್ರೆ ಬಾಯಿಬಿಡ್ತೀನಿ ಅಂತಲಾ, ಇಲ್ಲಾ ಒಬ್ರೇ ಇರಕ್ಕೆ ಭಯ ಅಂತಲಾ?"

ಅತ್ತೆ ಕಾಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

"ಇನ್ನೂ ನೀರೈತೆ ಕಣೇ," ಅಂದರು. "ತಗೊಂಡೋಗಿ ಇಡು."